ಫ್ಯೂರಿ ಫ್ಯಾನ್ ಆರ್ಟ್: ಟ್ಯಾಂಕ್ ಸರಿಯಾಗಿರಬೇಕಾ, ಮುಖ ಬಂದರೆ ಸಾಕಾ?

ಗೆರೆಗಾರ
ಎರಡನೇ ಮಹಾಯುದ್ಧದಲ್ಲಿ ಒಂದು ಅಮೆರಿಕನ್ ಟ್ಯಾಂಕ್‌ನಲ್ಲಿದ್ದ ಐವರ ಕಥೆ ಹೇಳುವ 2014ರ ‘ಫ್ಯೂರಿ’ ಸಿನಿಮಾ ನೋಡಿ ಒಂದು ಡಿಜಿಟಲ್ ಚಿತ್ರ ಬಿಡಿಸಿದ್ದೇನೆ. ಶರ್ಮನ್ ಟ್ಯಾಂಕ್ ಮೇಲೆ ಐದೂ ಜನ ನಿಂತಿದ್ದಾರೆ. ಹಿಂದೆ ಕೆಂಪು ಸಂಜೆ. ತೋಪಿನ ನಳಿಗೆ ನೋಡುವವರ ಕಡೆಗೇ ತಿರುಗಿದೆ. ಮುಖಗಳಿಗೆ ಜಾಸ್ತಿ ಸಮಯ ಕೊಟ್ಟೆ. ಟ್ಯಾಂಕ್‌ಗೆ ನೆಟ್‌ನಲ್ಲಿ ಸಿಕ್ಕ ಒಂದು ಶರ್ಮನ್ ಫೋಟೋ ರೆಫರೆನ್ಸ್ ಇಟ್ಟುಕೊಂಡೆ. ಪ್ರಿಂಟ್ ಹಾಕಿಸುವ ಮೊದಲು ನಿಮ್ಮ ಅಭಿಪ್ರಾಯ ಬೇಕು.

ಉಕ್ಕಿನಪಟ್ಟಿ
ಮುಖಗಳು ತುಂಬಾ ಚೆನ್ನಾಗಿ ಬಂದಿವೆ, ಅದರಲ್ಲೂ ಹೊಸ ಹುಡುಗ ನಾರ್ಮನ್‌ದು. ಆದರೆ ಟ್ಯಾಂಕ್ ಬೇರೆ. ನಿಮ್ಮ ರೆಫರೆನ್ಸ್ ಹಳೆಯ ಶರ್ಮನ್. ಅದರ ಚಕ್ರಗಳ ಸ್ಪ್ರಿಂಗ್‌ಗಳು ನೆಟ್ಟಗೆ ನಿಂತಿರುತ್ತವೆ, ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಪಟ್ಟಿ) 16 ಇಂಚು ಚಿಲ್ಲರೆ. ಸಿನಿಮಾದಲ್ಲಿರುವುದು ‘ಈಸಿ ಏಟ್’, ಶರ್ಮನ್‌ನದೇ ನಂತರದ ಮಾದರಿ. ಅದರಲ್ಲಿ ಸ್ಪ್ರಿಂಗ್‌ಗಳು ಅಡ್ಡಕ್ಕೆ ಮಲಗಿರುತ್ತವೆ, ಚಕ್ರಗಳು ಜೋಡಿ ಜೋಡಿ, ಟ್ರ್ಯಾಕ್ 23 ಇಂಚು ಅಗಲ. ಕೆಸರಲ್ಲಿ ಹೂತುಹೋಗಬಾರದು ಅಂತಲೇ ಅಷ್ಟು ಅಗಲ. ಆ ಸಿನಿಮಾದಲ್ಲಿ ಕೆಸರು ಎಷ್ಟಿದೆ ನೋಡಿದ್ದೀರಲ್ಲ. ನಳಿಗೆಯ ತುದಿಗೆ ತೋಪಿನ ಒದೆತ ತಗ್ಗಿಸುವ ಮಝಲ್ ಬ್ರೇಕ್ ಕೂಡ ಬರಬೇಕು.

ಬಣ್ಣದಡಬ್ಬಿ
ಇದು ಫ್ಯಾನ್ ಆರ್ಟ್, ವರ್ಕ್‌ಶಾಪ್ ನಕ್ಷೆ ಅಲ್ಲ. ಟ್ಯಾಂಕ್ ಚಿತ್ರ ಹಾಕಿದವರಿಗೆಲ್ಲ ಮೊದಲ ಕಾಮೆಂಟ್ ಬೋಲ್ಟ್ ಎಣಿಸುವವರದ್ದೇ. ಇದರಿಂದ ಎಷ್ಟೋ ಜನ ಬಿಡಿಸೋದನ್ನೇ ನಿಲ್ಲಿಸುತ್ತಾರೆ. ಚಿತ್ರ ನೋಡಿದಾಗ ಆ ಐವರು ನಮ್ಮನ್ನು ಹಿಡಿದು ನಿಲ್ಲಿಸಬೇಕು. ಇಲ್ಲಿ ನಿಲ್ಲಿಸುತ್ತಾರೆ. ಸ್ಪ್ರಿಂಗ್ ಯಾವ ಕಡೆಗಿದ್ದರೆ ಏನು?

ಉಕ್ಕಿನಪಟ್ಟಿ
ಯಾರನ್ನೂ ನಿಲ್ಲಿಸೋಕೆ ಹೇಳಿದ್ದಲ್ಲ ಮೇಡಂ. ಈ ಸಿನಿಮಾದವರೇ ಯಂತ್ರವನ್ನು ಎಷ್ಟು ಗೌರವಿಸಿದ್ದಾರೆ ನೋಡಿ. ಅದರಲ್ಲಿ ಬರುವ ಜರ್ಮನ್ ಟೈಗರ್ ನಿಜವಾದ ಟೈಗರ್. 1943ರಲ್ಲಿ ಟುನೀಶಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು, ಟೈಗರ್ 131 ಅಂತ ಹೆಸರು. ಇಂಗ್ಲೆಂಡಿನ ಬೋವಿಂಗ್‌ಟನ್ ಮ್ಯೂಸಿಯಂನಿಂದ ತಂದು ಓಡಿಸಿದರು. ಬೇರೆ ಟ್ಯಾಂಕ್‌ಗೆ ತಗಡು ಹೊಡೆದು ಟೈಗರ್ ಅಂತ ತೋರಿಸಬಹುದಿತ್ತು. ಹಾಗೆ ಮಾಡಲಿಲ್ಲ. ಇಂಥ ಸಿನಿಮಾದ ಮೇಲಿನ ಪ್ರೀತಿಯಿಂದ ಬಿಡಿಸುವಾಗ ನಾವೂ ಒಂದೆರಡು ಫೋಟೋ ಜಾಸ್ತಿ ನೋಡಬಹುದು, ಅಲ್ವಾ?

ಮಸಿಮಾತು
ನನ್ನ ತಕರಾರು ಚಕ್ರದ ಬಗ್ಗೆ ಅಲ್ಲ, ಆ ಸಂಜೆಯ ಬಗ್ಗೆ. ನಾರ್ಮನ್ ಟೈಪಿಸ್ಟ್ ಆಗಿ ತರಬೇತಿ ಪಡೆದ ಹುಡುಗ. ಸತ್ತವನ ಜಾಗಕ್ಕೆ ಅವನನ್ನು ಕಳಿಸುತ್ತಾರೆ. ಮೊದಲ ಕೆಲಸವೇ ಆ ಸೀಟಿನ ರಕ್ತ ತೊಳೆಯೋದು. ಆಮೇಲೆ ಸೆರೆಸಿಕ್ಕ ಜರ್ಮನ್ ಸೈನಿಕನನ್ನು ಟ್ಯಾಂಕ್ ಕಮಾಂಡರ್ ವಾರ್‌ಡ್ಯಾಡಿ ನಾರ್ಮನ್ ಕೈಯಿಂದಲೇ ಬಲವಂತವಾಗಿ ಕೊಲ್ಲಿಸುತ್ತಾನೆ. ಇಷ್ಟೆಲ್ಲ ಆದಮೇಲೆ ಅವರಿಬ್ಬರನ್ನೂ ಎದೆಯುಬ್ಬಿಸಿ ಅಕ್ಕಪಕ್ಕ ನಿಲ್ಲಿಸಿದರೆ ಸಿನಿಮಾ ಹೇಳಿದ್ದನ್ನು ಅಳಿಸಿದಂತೆ. ಇದು ಸೈನ್ಯಕ್ಕೆ ಸೇರಿ ಅನ್ನುವ ಪೋಸ್ಟರ್ ಥರ ಕಾಣುತ್ತಿದೆ.

ಗೆರೆಗಾರ
ಇದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಆ ಟ್ಯಾಂಕ್ ಅಂದರೆ ಪ್ರೀತಿ. ಅದೇ ಮನೆ ಅವರಿಗೆ. ಕೊನೆಗೆ ಓಡಿಹೋಗುವ ಅವಕಾಶ ಇದ್ದರೂ ಯಾರೂ ಬಿಟ್ಟು ಹೋಗುವುದಿಲ್ಲ. ಆ ಒಗ್ಗಟ್ಟು ನನ್ನನ್ನು ಅಲ್ಲಾಡಿಸಿತು. ಅದನ್ನು ಬಿಡಿಸಿದರೆ ಯುದ್ಧವನ್ನು ಹೊಗಳಿದ ಹಾಗಾಗುತ್ತದಾ?

ಮಸಿಮಾತು
ಒಗ್ಗಟ್ಟು ಬಿಡಿಸಿ, ಖಂಡಿತ. ಆದರೆ ಅವರು ಸಾಲಾಗಿ ನಿಂತು ಒಗ್ಗಟ್ಟಾದವರಲ್ಲ. ಇಕ್ಕಟ್ಟಿನಲ್ಲಿ ಕೂತು ಆದವರು.

ಉಕ್ಕಿನಪಟ್ಟಿ
ಮಸಿಮಾತು ಅವರ ಮಾತು ಹಿಡಿದು ಮುಂದುವರಿಸುತ್ತೇನೆ. ಶರ್ಮನ್ ಒಳಗೆ ಯಾರು ಎಲ್ಲಿ ಕೂರುತ್ತಾರೆ ನೋಡಿ. ಟರೆಟ್‌ನ (ಮೇಲೆ ತಿರುಗುವ ಗೋಪುರ) ಬಲಗಡೆ ತೋಪು ಹಾರಿಸುವ ಗನ್ನರ್, ಅಂದರೆ ಬೈಬಲ್. ಅವನ ಬೆನ್ನ ಹಿಂದೆಯೇ ಕಮಾಂಡರ್ ವಾರ್‌ಡ್ಯಾಡಿ. ಗನ್ನರ್‌ಗೆ ತನ್ನದೇ ಹ್ಯಾಚ್ (ಹೊರಬರುವ ಬಾಗಿಲು) ಇಲ್ಲ, ಬೆಂಕಿ ಬಿದ್ದರೆ ಕಮಾಂಡರ್ ಹೊರಬಿದ್ದ ಮೇಲೆಯೇ ಅವನ ಸರದಿ. ತೋಪಿನ ಎಡಗಡೆ ಗುಂಡು ತುಂಬುವ ಲೋಡರ್ ಗ್ರೇಡಿ. 76 ಮಿ.ಮೀ. ಗುಂಡು ಒಂದೊಂದೂ ಸುಮಾರು 11 ಕಿಲೋ. ತೋಪು ಹಾರಿದಾಗಲೆಲ್ಲ ಅದರ ಹಿಂಭಾಗ ಇವರ ಮಧ್ಯೆ ಹಿಂದಕ್ಕೆ ಒದೆಯುತ್ತದೆ. ಕೆಳಗೆ ಮುಂದೆ ಎಡಕ್ಕೆ ಡ್ರೈವರ್ ಗಾರ್ಡೊ, ಬಲಕ್ಕೆ ನಾರ್ಮನ್. ನಾರ್ಮನ್‌ನ ಮೆಷಿನ್ ಗನ್‌ಗೆ ಗುರಿ ಹಿಡಿಯುವ ಸೈಟ್ ಇರುವುದಿಲ್ಲ. ಪೆರಿಸ್ಕೋಪ್‌ನಲ್ಲಿ ನೋಡುತ್ತಾ, ಹೊಳೆಯುವ ಟ್ರೇಸರ್ ಗುಂಡುಗಳು ಎಲ್ಲಿ ಬೀಳುತ್ತವೆ ಅಂತ ಗಮನಿಸಿ ಗನ್ ತಿರುಗಿಸಬೇಕು.

ಇಷ್ಟು ತಿಳಿದರೆ ಯಾರಿಗೆ ಯಾರ ಮುಖ ಕಾಣುತ್ತದೆ ಅನ್ನೋದು ಗೊತ್ತಾಗುತ್ತದೆ. ಬಹಳ ಸಲ ಕಾಣುವುದೇ ಇಲ್ಲ. ಇಂಟರ್‌ಕಾಮ್‌ನಲ್ಲಿ ಬರೀ ದನಿ. ಜೀವ ಒಬ್ಬರ ಕೈಯಲ್ಲೊಬ್ಬರದು, ಮುಖ ಮಾತ್ರ ಕಾಣದು. ಯಂತ್ರ ಸರಿಯಾಗಿ ಬಿಡಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಆ ಐವರು ಹಾಗಾಗಿದ್ದು ಆ ಕಬ್ಬಿಣದ ಅಳತೆಯಿಂದ.

ಬಣ್ಣದಡಬ್ಬಿ
ಇದನ್ನೇ ಮೊದಲ ಕಾಮೆಂಟಿನಲ್ಲಿ ಹೇಳಿದ್ದರೆ ನಾನು ಜಗಳಕ್ಕೇ ಬರುತ್ತಿರಲಿಲ್ಲ! ಇಂಥ ವಿವರದಿಂದ ಚಿತ್ರ ಬೆಳೆಯುತ್ತದೆ. ಚಕ್ರದ ವಿಚಾರದಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ.

ಗೆರೆಗಾರ ಅವರೇ, ಬಣ್ಣದ ಬಗ್ಗೆ ಒಂದು ಮಾತು. ನಿಮ್ಮ ಟ್ಯಾಂಕ್ ಹಸಿರು ಎಲೆಯ ಹಸಿರಾಗಿದೆ. ಆಲಿವ್ ಡ್ರ್ಯಾಬ್‌ಗೆ, ಅಂದರೆ ಸೈನ್ಯದ ಆ ಮಂಕು ಹಸಿರಿಗೆ, ಹಸಿರು ಬಣ್ಣ ಮುಟ್ಟಲೇಬೇಡಿ. ಯೆಲ್ಲೋ ಓಕರ್‌ಗೆ ಕಪ್ಪು ಬೆರೆಸಿ, ತಾನಾಗಿ ಬರುತ್ತದೆ. ಒಳಗಿನ ದೃಶ್ಯ ಮಾಡುವುದಾದರೆ ಬೆಳಕು ಒಂದೇ ಕಡೆಯಿಂದ ಬರಲಿ. ಮೇಲಿನ ಹ್ಯಾಚ್ ಅಥವಾ ಪೆರಿಸ್ಕೋಪ್, ಎರಡರಲ್ಲಿ ಒಂದು. ಉಳಿದದ್ದು ಕತ್ತಲಲ್ಲಿರಲಿ.

ಖಾಲಿಹಾಳೆ
ಯಾರೂ ಕೇಳದ ಪ್ರಶ್ನೆ: ಪ್ರಿಂಟ್ ಯಾಕೆ? ನಿಮ್ಮ ಗೋಡೆಗಾದರೆ ಸರಿ. ಮಾರುವುದಾದರೆ ಸಿನಿಮಾದ ಹಕ್ಕಿರುವವರ ಅನುಮತಿ ಬೇಕಾಗಬಹುದು, ನಟರ ಮುಖದ ಪ್ರಶ್ನೆ ಬೇರೆ. ವಾರ್‌ಡ್ಯಾಡಿಯ ಭಂಗಿ ಸಿನಿಮಾದ ಪೋಸ್ಟರ್‌ಗೆ ತೀರಾ ಹತ್ತಿರ ಇದೆ. ಅದನ್ನಾದರೂ ಬದಲಾಯಿಸಿ.

ಗೆರೆಗಾರ
ಪ್ರಿಂಟ್ ನನ್ನ ಗೋಡೆಗೇ, ಮಾರಾಟಕ್ಕಲ್ಲ. ಸಂಜೆಯ ಚಿತ್ರವನ್ನು ಬಿಡುವುದಿಲ್ಲ, ಅದರ ಟ್ರ್ಯಾಕ್ ಮತ್ತು ಬಣ್ಣ ತಿದ್ದುತ್ತೇನೆ. ಜೊತೆಗೆ ಒಳಗಿನ ದೃಶ್ಯ ಹೊಸದಾಗಿ ಶುರು ಮಾಡುತ್ತೇನೆ, ನಾರ್ಮನ್ ಸೀಟಿನಿಂದ ಕಾಣುವ ಹಾಗೆ. ಅಲ್ಲಿಂದ ಪಕ್ಕಕ್ಕೆ ತಿರುಗಿದರೆ ಏನು ಕಾಣುತ್ತದೆ ಸರ್?

ಉಕ್ಕಿನಪಟ್ಟಿ
ಗಾರ್ಡೊ ಒಬ್ಬನೇ, ಅವನೂ ಪೂರ್ತಿ ಅಲ್ಲ. ಇಬ್ಬರ ಮಧ್ಯೆ ದೊಡ್ಡ ಗೇರ್‌ಬಾಕ್ಸ್ ಇರುತ್ತದೆ. ಅದನ್ನು ಮೊದಲು ಬಿಡಿಸಿಕೊಳ್ಳಿ, ಆಮೇಲೆ ಅದರ ಆಚೆ ಅವನ ಭುಜ, ಮುಖ ಕೂರಿಸಿ. ಸ್ಕೆಚ್ ಆದ ತಕ್ಷಣ ಇಲ್ಲಿ ಹಾಕಿ, ಅಳತೆ ನೋಡಿ ಹೇಳುತ್ತೇನೆ.