ಮೊದಲ ಕ್ಯಾಮೆರಾ, ಕಡಿಮೆ ದುಡ್ಡು: ಶಿವಮೊಗ್ಗದ ಕ್ಯಾಮೆರಾ ರಿಪೇರಿಯವರನ್ನು ಕೇಳಿ

ಹೊಸನಗರದ ಸದಸ್ಯೆ: ಸಾರ್, 25 ಸಾವಿರ ಕೂಡಿಟ್ಟಿದ್ದೇನೆ. ಹಳೇ ನಿಕಾನ್ ಡಿ5300, 18-55 ಲೆನ್ಸ್ ಸಮೇತ ಸಿಗುತ್ತಿದೆ. ಎರಡು ಮಳೆಗಾಲ ಬೀರುವಿನಲ್ಲೇ ಇತ್ತಂತೆ. ಲೆನ್ಸ್ ಒಳಗೆ ಜೇಡರ ಬಲೆ ತರಹ ಕಾಣುತ್ತದೆ. ಬರೀ ಧೂಳು ಅಂತಾರೆ. ತಗೊಳ್ಳಲಾ?

ರಿಪೇರಿಯವರು: ದುಡ್ಡು ಕೊಟ್ಟಿಲ್ಲ ಅಲ್ವಾ? ಕೊಡಬೇಡಿ, ತಡೀರಿ. ಧೂಳು ಚುಕ್ಕೆ ಚುಕ್ಕೆಯಾಗಿ ಇರುತ್ತದೆ. ಎಳೆ ಎಳೆಯಾಗಿ ಕವಲೊಡೆದಿದ್ದರೆ ಅದು ಫಂಗಸ್, ನಮ್ಮ ಮಾತಲ್ಲಿ ಬೂಷ್ಟು. ಕ್ಯಾಮೆರಾದಿಂದ ಲೆನ್ಸ್ ಕಳಚಿ, ಲೆನ್ಸಿನ ಹಿಂಭಾಗದ ಸಣ್ಣ ಲಿವರ್ ಬೆರಳಲ್ಲಿ ಸರಿಸಿ. ಅಪರ್ಚರ್, ಅಂದರೆ ಬೆಳಕು ಬರುವ ತೂತು, ತೆರೆಯುತ್ತದೆ. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಬೂಷ್ಟು ಹೊರಗಿನ ಗಾಜಿನಲ್ಲಿದ್ದರೆ ಒರೆಸಬಹುದು. ಒಳಗಿದ್ದರೆ ಲೆನ್ಸ್ ಪೂರ್ತಿ ಬಿಚ್ಚಬೇಕು. ತುಂಬಾ ದಿನ ಬಿಟ್ಟರೆ ಅದು ಗಾಜಿನ ಕೋಟಿಂಗನ್ನೇ ತಿನ್ನುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಕ್ಯಾಮೆರಾ ಜೊತೆ ಬರುವ ಮಾಮೂಲಿ 18-55 ಲೆನ್ಸಿಗೆ ಅಷ್ಟು ಖರ್ಚು ಮಾಡಬೇಡಿ.

ಬಾಡಿ, ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾ, ಮಾತ್ರ ಕೇಳಿ. ಅಪರ್ಚರನ್ನು ಎಫ್ 22ಕ್ಕೆ, ಅಂದರೆ ತೀರಾ ಚಿಕ್ಕದಕ್ಕೆ, ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ಚಿತ್ರ ಹಿಡಿಯುವ ಸೆನ್ಸರ್ ಮೇಲೇನಿದ್ದರೂ ಅದರಲ್ಲಿ ಗೊತ್ತಾಗುತ್ತದೆ. ಶಟರ್ (ಫೋಟೋ ತೆಗೆವಾಗ ತೆರೆದು ಮುಚ್ಚುವ ಪರದೆ) ಎಷ್ಟು ಸಲ ಹೊಡೆದಿದೆ ಅಂತಲೂ ನೋಡಿ. ಈ ಮಾಡೆಲ್ ಶಟರನ್ನು ಒಂದು ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದ್ದಾರೆ. ಇನ್ನೊಂದು: ಈ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೇ ಎಎಫ್-ಡಿ ಲೆನ್ಸಿನಲ್ಲೂ ಮೋಟಾರ್ ಇರಲ್ಲ, ಅಗ್ಗ ಅಂತ ತಂದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕಾಗುತ್ತದೆ. ಒಳಗೇ ಮೋಟಾರ್ ಇರುವ ಎಎಫ್-ಎಸ್ 35 ಎಂಎಂ ಎಫ್ 1.8 ಲೆನ್ಸ್ ಹಳೆಯದು ಹುಡುಕಿ. ಮನೆಯೊಳಗೆ, ಮಳೆ ಮೋಡದ ಮಂದ ಬೆಳಕಿನಲ್ಲಿ, ಹೆಚ್ಚು ಬೆಳಕು ಒಳಗೆ ಬಿಡುವ ಅದೇ ನಿಮ್ಮ ಕೈ ಹಿಡಿಯುತ್ತದೆ.

ಭದ್ರಾವತಿಯ ಸದಸ್ಯ: ಕ್ಯಾನನ್ ಒಳ್ಳೇದಾ, ನಿಕಾನ್ ಒಳ್ಳೇದಾ?

ರಿಪೇರಿಯವರು: ಎರಡೂ ಒಳ್ಳೇದು. ಕೈಗೆ ಒಗ್ಗಿದ್ದು ತಗೊಳ್ಳಿ.

ತೀರ್ಥಹಳ್ಳಿಯ ಸದಸ್ಯ: ಒಂದು ಮೆಸೇಜ್ ಬಂದಿತ್ತು. ಲೆನ್ಸನ್ನು ಅಕ್ಕಿ ಡಬ್ಬದಲ್ಲಿಟ್ಟು, ಎರಡು ನುಸಿಗುಳಿಗೆ ಹಾಕಿದರೆ ಬೂಷ್ಟು ಬರಲ್ವಂತೆ.

ರಿಪೇರಿಯವರು: ದಯವಿಟ್ಟು ಮಾಡಬೇಡಿ. ಅಕ್ಕಿ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ನುಸಿಗುಳಿಗೆಯ ಆವಿ ಗಾಜಿನ ಮೇಲೆ ಕೂರುತ್ತದೆ. ಒಲೆ ಮೇಲಿನ ಅಟ್ಟವೂ ಬೇಡ, ಹೊಗೆ ಇದೆ. ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರ್ ಸಾಕು. ಮೀಟರ್ ಶೇಕಡಾ 40ರಿಂದ 50ರ ಒಳಗಿರಲಿ, 60 ದಾಟಬಾರದು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಲೆದರ್ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಚೀಲವೇ ಮೊದಲು ಬೂಷ್ಟು ಹಿಡಿಯುತ್ತದೆ.

ತೀರ್ಥಹಳ್ಳಿಯ ಸದಸ್ಯ: ನಮ್ಮ ಮಾವ ಹತ್ತು ವರ್ಷ ಅಕ್ಕೀಲೇ ಇಟ್ಟಿದ್ದಾರೆ ಮಾರಾಯ್ರೆ, ಏನೂ ಆಗಿಲ್ಲ.

ರಿಪೇರಿಯವರು: ಟಾರ್ಚ್ ಬಿಟ್ಟು ನೋಡಿದ್ದಾರಾ?

ಸಾಗರದ ಸದಸ್ಯ: ಇಷ್ಟೆಲ್ಲ ರಗಳೆ ಯಾಕೆ? ಒಳ್ಳೇ ಮೊಬೈಲ್ ತಗೊಂಡರೆ ಮುಗೀತು.

ಶಿವಮೊಗ್ಗದ ಸದಸ್ಯೆ: ಮಂಡಗದ್ದೆಗೆ ಹೋಗಿ ಮೊಬೈಲಲ್ಲಿ ಬೆಳ್ಳಕ್ಕಿ ಗೂಡು ತೆಗೆದು ತೋರಿಸಿ ನೋಡೋಣ. ತುಂಗೆಯ ಮಧ್ಯದ ಮರದಲ್ಲಿವೆ. ನಾನು 70-300 ಜೂಮ್ ಲೆನ್ಸ್ ಹಾಕಿಯೂ ಒದ್ದಾಡಿದ್ದೇನೆ.

ಸಾಗರದ ಸದಸ್ಯ: ಎಲ್ಲರೂ ಹಕ್ಕಿನೇ ತೆಗೆಯಲ್ಲ ಮೇಡಂ. ಜೋಗಕ್ಕೆ ಮೊಬೈಲ್ ಸಾಕು.

ಶಿವಮೊಗ್ಗದ ಸದಸ್ಯೆ: ಜೋಗದ ನೀರು ರೇಷ್ಮೆ ತರಹ ಬರಬೇಕಾದರೆ ಶಟರ್ ನಿಧಾನ ಮಾಡಬೇಕು, ಸ್ಟ್ಯಾಂಡ್ ಬೇಕು. ಗೊತ್ತಿಲ್ಲದೆ ಮಾತಾಡಬೇಡಿ.

ಸಾಗರದ ಸದಸ್ಯ: ನಮ್ಮೂರ ಜೋಗ ನನಗೆ ಹೇಳಿಕೊಡ್ತೀರಾ?

ಸೊರಬದ ಸದಸ್ಯ: ಮಳೆಗೆ ಕ್ಯಾಮೆರಾಗೆ ಹಾಕೋ ಕವರ್ ಯಾವುದು ಒಳ್ಳೇದು ಸಾರ್?

ಶಿಕಾರಿಪುರದ ಸದಸ್ಯ: ನಿಕಾನ್ ತಗೊಳ್ಳಲಾ, ಕ್ಯಾನನ್ ತಗೊಳ್ಳಲಾ?

ರಿಪೇರಿಯವರು: ಮೇಲೆ ಓದಿ.

ಹೊಸನಗರದ ಸದಸ್ಯೆ: ಸಾರ್, ಟಾರ್ಚ್ ಬಿಟ್ಟು ನೋಡಿದೆ. ಬಲೆ ಒಳಗಿನ ಗಾಜಿನಲ್ಲೇ ಇದೆ. ಬಾಡಿ ಮಾತ್ರ ಕೊಡಲ್ಲ, ಲೆನ್ಸೂ ತಗೊಳ್ಳಿ ಅಂತಾರೆ.

ರಿಪೇರಿಯವರು: ಹಾಗಾದರೆ ಲೆನ್ಸಿಗೆ ಒಂದು ರೂಪಾಯಿಯೂ ಲೆಕ್ಕ ಹಿಡಿಯಬೇಡಿ. ಒಪ್ಪದಿದ್ದರೆ ಎದ್ದು ಬನ್ನಿ. ಒಪ್ಪಿದರೆ ಬಾಡಿಯನ್ನು ನೇರ ಅಂಗಡಿಗೆ ತನ್ನಿ, ನಾನು ನೋಡುತ್ತೇನೆ. ಆ ಲೆನ್ಸನ್ನು ಬೇರೆ ಕವರಿನಲ್ಲಿ ಹಾಕಿ. ಮತ್ತೆ ಡಬ್ಬ, ಜೆಲ್ ತಗೊಳ್ಳೋಕೆ ದುಡ್ಡು ಉಳಿಸಿಕೊಳ್ಳಿ.