ಗೇಮ್ ಲೈಬ್ರರಿ ತುಂಬಿ ತುಳುಕುತ್ತಿದೆ, ಏನು ಮಾಡಲಿ?

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳಾದ ಸ್ಟೀಮ್, ಎಪಿಕ್ ಎರಡರಲ್ಲೂ ಸೇರಿ ನನ್ನ ಹತ್ತಿರ ನೂರಾರು ಗೇಮ್ ಆಗಿವೆ. ಅರ್ಧಕ್ಕಿಂತ ಜಾಸ್ತಿ ಒಮ್ಮೆಯೂ ತೆರೆದಿಲ್ಲ. ಕಂಪ್ಯೂಟರಿನ ಡಿಸ್ಕ್‌ನಲ್ಲಿ (ಎಸ್‌ಎಸ್‌ಡಿ) ಜಾಗವಿಲ್ಲ. ಪಟ್ಟಿ ನೋಡಿದರೇ ಆಡುವ ಮನಸ್ಸು ಹೋಗುತ್ತದೆ. ಬೇಡದ್ದನ್ನೆಲ್ಲ ಅಕೌಂಟಿನಿಂದಲೇ ತೆಗೆದುಬಿಡಲಾ? ಅನುಭವ ಇರುವವರು ಹೇಳಿ.

*

ಅಕೌಂಟಿನಿಂದ ಮಾತ್ರ ತೆಗೆಯಬೇಡಿ, ದಯವಿಟ್ಟು. ಡಿಸ್ಕ್ ತುಂಬಿರುವುದು ಬೇರೆ, ಪಟ್ಟಿ ಉದ್ದವಾಗಿರುವುದು ಬೇರೆ. ಅಕೌಂಟಿನಲ್ಲಿ ಸುಮ್ನೆ ಕೂತ ಗೇಮ್ ನಿಮ್ಮ ಕಂಪ್ಯೂಟರಿನ ಜಾಗ ತಿನ್ನುವುದಿಲ್ಲ. ತೆಗೆದದ್ದು ಆಮೇಲೆ ಕೊಳ್ಳಲೂ ಸಿಗದಿರಬಹುದು. ಕಾರ್ ರೇಸಿಂಗ್ ಗೇಮ್ ಫೋರ್ಜಾ ಹೊರೈಜನ್ 4 ಮಾರಾಟ 2024ರ ಡಿಸೆಂಬರ್‌ನಲ್ಲಿ ನಿಂತಿತು. ಮೊದಲೇ ಕೊಂಡವರಿಗೆ ತೊಂದರೆಯಾಗಲಿಲ್ಲ, ಹೊಸಬರಿಗೆ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯವರು ಗೇಮ್ ಹಂಚಿಕೊಳ್ಳುವ ಸ್ಟೀಮ್ ಫ್ಯಾಮಿಲಿಯಲ್ಲಿ ನಿಮ್ಮ ತಮ್ಮನೋ ತಂಗಿಯೋ ಇದ್ದರೆ, ನೀವು ತೆಗೆದಾಗ ಅವರಿಗೂ ಗೇಮ್ ತಪ್ಪಿಹೋಗುತ್ತದೆ.

ಡಿಸ್ಕ್ ಜಾಗಕ್ಕೆ ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆಯಿರಿ. ಯಾವುದು ಎಷ್ಟು ಜಿಬಿ ಹಿಡಿದಿದೆ ಎಂದು ಅಲ್ಲೇ ಕಾಣುತ್ತದೆ. ಬಾಲ್ಡರ್ಸ್ ಗೇಟ್ 3 ಒಂದಕ್ಕೇ 150 ಜಿಬಿ ಬೇಕು. ಇಂಥ ಎರಡು ಅನ್‌ಇನ್‌ಸ್ಟಾಲ್ ಮಾಡಿದರೂ ಸಾಕು.

ಆದರೆ ಅನ್‌ಇನ್‌ಸ್ಟಾಲ್‌ಗೆ ಮೊದಲು ಸೇವ್ ಫೈಲ್ (ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ) ನೋಡಿಕೊಳ್ಳಿ. ಸೇವ್‌ಗಳನ್ನು ಆನ್‌ಲೈನ್‌ನಲ್ಲಿ ಇಡುವ ಸ್ಟೀಮ್ ಕ್ಲೌಡ್ ಎಲ್ಲ ಗೇಮಿಗೂ ಇಲ್ಲ. ಇಲ್ಲದಿದ್ದರೆ ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್, ಆಪ್‌ಡೇಟಾ ಫೋಲ್ಡರ್‌ಗಳಲ್ಲಿ ಹುಡುಕಿ ಕಾಪಿ ಮಾಡಿಡಿ. ಕೆಲವು ಹಳೆಯ ಗೇಮ್‌ಗಳು ತಮ್ಮ ಫೋಲ್ಡರಿನೊಳಗೇ ಸೇವ್ ಇಡುತ್ತವೆ. ಅಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ತಿಂಗಳುಗಟ್ಟಲೆ ಆಡಿದ್ದು ಹೋದರೆ ತುಂಬಾ ನೋವಾಗುತ್ತದೆ.

ಪಟ್ಟಿಗೆ ನಾನು ಮಾಡಿದ್ದು ಹೇಳುತ್ತೇನೆ. ಆಡುವುದಿಲ್ಲ ಎಂದು ಗೊತ್ತಿದ್ದದ್ದಕ್ಕೆಲ್ಲ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್‌ನಲ್ಲಿ ಹೈಡ್ ಕೊಟ್ಟೆ. ಬೇಕೆನಿಸಿದರೆ ವ್ಯೂ ಮೆನುವಿನ ಹಿಡನ್ ಗೇಮ್ಸ್‌ನಲ್ಲಿ ಇದ್ದೇ ಇರುತ್ತವೆ. ಆಮೇಲೆ ‘ಈಗ ಆಡುತ್ತಿರುವುದು’ ಎಂದು ಒಂದು ಕಲೆಕ್ಷನ್ ಮಾಡಿದೆ. ಅದರಲ್ಲಿ ದೊಡ್ಡ ಕಥೆಯ ಗೇಮ್ ಒಂದು, ಸುಸ್ತಾಗಿ ಮನೆಗೆ ಬಂದಾಗ ಅರ್ಧ ಗಂಟೆ ಆಡುವಂಥದ್ದು ಒಂದು, ಗೆಳೆಯರ ಜೊತೆಗೆ ಒಂದು, ಅಷ್ಟೇ. ಒಂದು ಹೊರಗೆ ಹೋದ ಮೇಲೆಯೇ ಇನ್ನೊಂದು ಒಳಗೆ. ಹಿಡಿಸದಿದ್ದರೆ ಅರ್ಧಕ್ಕೆ ಬಿಡಿ. ದುಡ್ಡು ಕೊಟ್ಟಾಗಿದೆ ಎಂದು ಇಪ್ಪತ್ತು ಗಂಟೆ ಬೇಜಾರಿನಲ್ಲಿ ಆಡಿದರೆ ದುಡ್ಡಿನ ಜೊತೆ ಸಮಯವೂ ಹೋಯಿತು ಅಲ್ವಾ?

*

ಮೇಲೆ ಹೇಳಿದ್ದು ಸರಿ. ಹೊಸದು ಬರುವುದಕ್ಕೂ ತಡೆ ಹಾಕಿ. ಎಪಿಕ್ 2018ರ ಡಿಸೆಂಬರ್‌ನಿಂದ ಉಚಿತ ಗೇಮ್ ಕೊಡುತ್ತಲೇ ಇದೆ. ಗುರುವಾರ ಬಂತೆಂದರೆ ಕೈ ತಾನಾಗಿ ಬಟನ್ ಒತ್ತುತ್ತದೆ. ಈ ತಿಂಗಳು ಆಡುತ್ತೇನೆ ಅನ್ನಿಸಿದರೆ ಮಾತ್ರ ನಾನೀಗ ತೆಗೆದುಕೊಳ್ಳುವುದು. ಸೇಲ್‌ನಲ್ಲಿ ಕಣ್ಣಿಗೆ ಬಿದ್ದದ್ದನ್ನು ವಿಶ್‌ಲಿಸ್ಟ್‌ಗೆ ಹಾಕಿ ಬಿಡುತ್ತೇನೆ. ಬೆಲೆ ಇಳಿದಾಗ ಮೇಲ್ ಬರುತ್ತದೆ. ಸ್ಟೀಮ್‌ನಲ್ಲಿ ಈಚೆಗೆ ಏನಾದರೂ ಕೊಂಡಿದ್ದರೆ ಇವತ್ತೇ ನೋಡಿ: 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು.

*

ಯಾವುದನ್ನು ಮೊದಲು ಆಡಲಿ ಎಂದು ತೋಚದಿದ್ದರೆ, ಸರ್ವರ್ ಇಲ್ಲದೆ ನಡೆಯದ ಗೇಮ್‌ಗಳಿಂದ ಶುರು ಮಾಡಿ. ದಿ ಕ್ರೂ ಎಂಬ ಕಾರ್ ರೇಸಿಂಗ್ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ಮುಚ್ಚಿದರು. ದುಡ್ಡು ಕೊಟ್ಟು ಕೊಂಡವರಿಗೂ ಆಡಲು ಆಗದೇ ಹೋಯಿತು. ಗಾಗ್ (GOG) ಎಂಬ ಇನ್ನೊಂದು ಗೇಮ್ ಅಂಗಡಿಯಲ್ಲಿ ಕೊಂಡದ್ದು ಇದ್ದರೆ ಆಫ್‌ಲೈನ್ ಇನ್‌ಸ್ಟಾಲರ್ (ಇಂಟರ್ನೆಟ್ ಇಲ್ಲದೆ ಗೇಮ್ ಹಾಕಿಕೊಳ್ಳುವ ಫೈಲ್) ಇಳಿಸಿ ಬೇರೆ ಹಾರ್ಡ್ ಡಿಸ್ಕ್‌ನಲ್ಲಿಡಿ. ಅವನ್ನು ನಿಧಾನವಾಗಿ ಆಡಿದರಾಯಿತು.