1968ರ 0.301 ಮತ್ತು 1930ರ 0.401: ಲೀಗ್ ಸರಾಸರಿಯ ಎದುರು ಹೋಲಿಸುವುದು ಹೇಗೆ?

ಪ್ರಶ್ನೆ

ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ ಹಿಟ್‌ಗಳು (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದ್ದು) ÷ ಅಟ್-ಬ್ಯಾಟ್‌ಗಳು (ವಾಕ್ ಮುಂತಾದವನ್ನು ಬಿಟ್ಟು ಬ್ಯಾಟ್ ಮಾಡಿದ ಸರದಿಗಳು). ಕಾರ್ಲ್ ಯಸ್ಟ್ರೆಮ್ಸ್ಕಿ 1968ರಲ್ಲಿ 0.301 ಸರಾಸರಿಗೇ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಪಟ್ಟ ಗೆದ್ದರು. 1930ರಲ್ಲಿ ನ್ಯಾಷನಲ್ ಲೀಗ್‌ನ ಬಿಲ್ ಟೆರಿ ಅವರದು 0.401. ಆಯಾ ಲೀಗ್ ಸರಾಸರಿಯಿಂದ ಭಾಗಿಸಿದರೆ ಸಾಕೇ? ಎಲ್ಲ ಬ್ಯಾಟರ್‌ಗಳ ಸರಾಸರಿ ಕೂಡಿ ತಲೆಎಣಿಕೆಯಿಂದ ಭಾಗಿಸಿದರೆ ಪ್ರಕಟಿತ ಲೀಗ್ ಸರಾಸರಿ ಬರುವುದಿಲ್ಲ, ಯಾಕೆ?

ಉತ್ತರ 1

ತಲೆಎಣಿಕೆಯಲ್ಲಿ 5 ಅಟ್-ಬ್ಯಾಟ್ ಆಡಿದವನಿಗೂ 600 ಆಡಿದವನಿಗೂ ಒಂದೇ ತೂಕ ಸಿಗುತ್ತದೆ, ಅದಕ್ಕೇ ತಾಳೆಯಾಗುವುದಿಲ್ಲ. ಇಡೀ ಲೀಗ್‌ನ ಹಿಟ್‌ಗಳನ್ನು ಕೂಡಿ, ಇಡೀ ಲೀಗ್‌ನ ಅಟ್-ಬ್ಯಾಟ್‌ಗಳಿಂದ ಭಾಗಿಸಿ.

1968ರ ಅಮೆರಿಕನ್ ಲೀಗ್ ಸರಾಸರಿ 0.230, 1930ರ ನ್ಯಾಷನಲ್ ಲೀಗ್‌ದು 0.303. ಯಸ್ಟ್ರೆಮ್ಸ್ಕಿ ತಮ್ಮ ಲೀಗ್‌ಗಿಂತ 31% ಮೇಲೆ, ಟೆರಿ 32% ಮೇಲೆ. ನೂರು ಪಾಯಿಂಟ್‌ಗಳ (0.100) ಅಂತರ ಹೆಚ್ಚುಕಡಿಮೆ ಕರಗಿಯೇ ಹೋಯಿತು! 1968ರಲ್ಲಿ ಪಿಚರ್‌ಗಳ (ಚೆಂಡೆಸೆಯುವವರ) ಕೈ ಅಷ್ಟು ಮೇಲಾಗಿತ್ತು. ಮರುವರ್ಷವೇ ಮೌಂಡ್ (ಪಿಚರ್ ನಿಲ್ಲುವ ದಿಬ್ಬ) ಎತ್ತರವನ್ನು 15 ಇಂಚಿನಿಂದ 10ಕ್ಕೆ ಇಳಿಸಿ, ಸ್ಟ್ರೈಕ್ ಝೋನನ್ನೂ (ಬ್ಯಾಟರ್ ಹೊಡೆಯದೆ ಬಿಟ್ಟರೂ ಸ್ಟ್ರೈಕ್ ಎನಿಸುವ ಜಾಗ) ಕಿರಿದು ಮಾಡಿದರು.

ಉತ್ತರ 2

ಭಾಗಾಕಾರ ಸರಿ, ಆದರೆ ಬ್ಯಾಟಿಂಗ್ ಸರಾಸರಿ ವಾಕ್‌ಗಳನ್ನು (ನಾಲ್ಕು ಕೆಟ್ಟ ಎಸೆತಗಳಿಗೆ ಸಿಗುವ ಉಚಿತ ಬೇಸ್) ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸಿಂಗಲ್‌ಗೂ ಹೋಮ್ ರನ್‌ಗೂ ಒಂದೇ ಬೆಲೆ ಕಟ್ಟುತ್ತದೆ. ಓಪಿಎಸ್ ಪ್ಲಸ್ ಬಳಸಿ. ಆನ್-ಬೇಸ್ ಎಂದರೆ ಬ್ಯಾಟರ್ ಬೇಸ್ ತಲುಪುವ ಪ್ರಮಾಣ, ಸ್ಲಗ್ಗಿಂಗ್ ಎಂದರೆ ಪ್ರತಿ ಅಟ್-ಬ್ಯಾಟ್‌ಗೆ ಹಿಟ್‌ಗಳಿಂದ ಗಳಿಸಿದ ಬೇಸ್‌ಗಳು, ಓಪಿಎಸ್ ಎಂದರೆ ಇವೆರಡರ ಮೊತ್ತ. ಸೂತ್ರ: ಆಟಗಾರನ ಆನ್-ಬೇಸ್ ÷ ಲೀಗ್ ಆನ್-ಬೇಸ್, ಅದಕ್ಕೆ ಆಟಗಾರನ ಸ್ಲಗ್ಗಿಂಗ್ ÷ ಲೀಗ್ ಸ್ಲಗ್ಗಿಂಗ್ ಕೂಡಿ, 1 ಕಳೆದು, 100ರಿಂದ ಗುಣಿಸಿ. 100 ಬಂದರೆ ಸಾಧಾರಣ ಬ್ಯಾಟರ್.

ಯಸ್ಟ್ರೆಮ್ಸ್ಕಿ ಆ ವರ್ಷ 0.426 ಮತ್ತು 0.495, ಲೀಗ್ 0.297 ಮತ್ತು 0.339. 1.434 + 1.460 − 1 = 1.894, ಅಂದರೆ 189. ಪ್ರಕಟಿತ ಸಂಖ್ಯೆ ಮಾತ್ರ 170ರ ಆಸುಪಾಸು. ಕಾರಣ ಎರಡು. ಆಗ ಪಿಚರ್‌ಗಳೂ ಬ್ಯಾಟ್ ಹಿಡಿಯುತ್ತಿದ್ದರು. ಅವರನ್ನು ಲೀಗ್ ಮೊತ್ತದಿಂದ ತೆಗೆಯದಿದ್ದರೆ ಲೀಗ್ ಸರಾಸರಿ ಕುಸಿದು ಆಟಗಾರ ಉಬ್ಬಿ ಕಾಣುತ್ತಾನೆ. ಎರಡನೆಯದು ಮೈದಾನ: ಯಸ್ಟ್ರೆಮ್ಸ್ಕಿ ಅವರ ತವರು ಮೈದಾನ ಫೆನ್‌ವೇ ಪಾರ್ಕ್ ಬ್ಯಾಟರ್‌ಗಳ ಪರ.

ಓಪಿಎಸ್‌ ಅನ್ನು ನೇರವಾಗಿ ಲೀಗ್ ಓಪಿಎಸ್‌ನಿಂದ ಭಾಗಿಸಿ ಅದನ್ನೇ ಓಪಿಎಸ್ ಪ್ಲಸ್ ಅನ್ನಬೇಡಿ. ಎರಡೂ ಅಂಶಗಳಲ್ಲಿ 20% ಮೇಲಿರುವವನಿಗೆ ಆ ಭಾಗಾಕಾರ 120 ಕೊಡುತ್ತದೆ, ಸೂತ್ರ 140 ಕೊಡುತ್ತದೆ. ರನ್ ಗಳಿಕೆ ಸ್ಥೂಲವಾಗಿ ಆನ್-ಬೇಸ್ ಮತ್ತು ಸ್ಲಗ್ಗಿಂಗ್‌ಗಳ ಗುಣಲಬ್ಧದಂತೆ ಏರುವುದರಿಂದ (1.2 × 1.2 = 1.44) 140 ವಾಸ್ತವಕ್ಕೆ ಹತ್ತಿರ.

ಉತ್ತರ 3

ಮೈದಾನದ ಗುಣಾಂಕಕ್ಕೆ (ಮೈದಾನ ಬ್ಯಾಟರ್‌ಗಳಿಗೆ ಎಷ್ಟು ಅನುಕೂಲ ಎಂಬ ಅಳತೆ) ತವರಿನ ಪಂದ್ಯಗಳಲ್ಲಿ ಎರಡೂ ತಂಡಗಳು ಸೇರಿ ಗಳಿಸಿದ ಪ್ರತಿ ಪಂದ್ಯದ ರನ್‌ಗಳನ್ನು ಹೊರಗಿನ ಪಂದ್ಯಗಳ ಅದೇ ಲೆಕ್ಕದಿಂದ ಭಾಗಿಸಿ. 1.20 ಬಂತೆಂದು ಹಾಗೇ ಹಾಕಿದರೆ ಎರಡರಷ್ಟು ಕಡಿತವಾಗುತ್ತದೆ. ಆಟಗಾರ ತವರಿನಲ್ಲಿ ಆಡುವುದು ಅರ್ಧ ಪಂದ್ಯ ಮಾತ್ರ, ಹಾಗಾಗಿ 1.10. ಒಂದೇ ವರ್ಷದ ಗುಣಾಂಕ ತುಂಬಾ ಜಿಗಿಯುತ್ತದೆ, ಮೂರು ವರ್ಷದ್ದು ಸೇರಿಸಿ. ಡೆನ್ವರ್‌ನ ಕೂರ್ಸ್ ಫೀಲ್ಡ್ ಆದರೆ 2002ಕ್ಕೆ ಹಿಂದಿನ, ಮುಂದಿನ ವರ್ಷಗಳನ್ನು ಬೆರೆಸಬೇಡಿ: ಆ ವರ್ಷದಿಂದ ಚೆಂಡುಗಳನ್ನು ತೇವಾಂಶದ ಕೋಣೆಯಲ್ಲಿ ಇಡಲು ಶುರು ಮಾಡಿದರು.

ಪ್ರಶ್ನೆ ಕೇಳಿದವರು

ಋತುವಿನ ನಡುವೆ ಆಟಗಾರನ ಲೀಗ್ ಬದಲಾದರೆ? 1997ರಲ್ಲಿ ಮಾರ್ಕ್ ಮೆಗ್ವೈರ್ ಓಕ್ಲಂಡ್‌ನಿಂದ (ಅಮೆರಿಕನ್ ಲೀಗ್) ಸೇಂಟ್ ಲೂಯಿಸ್‌ಗೆ (ನ್ಯಾಷನಲ್ ಲೀಗ್) ಹೋದಂತೆ.

ಉತ್ತರ 2

ಎರಡು ತುಂಡಾಗಿಯೇ ಲೆಕ್ಕ ಹಾಕಿ, ಪ್ರತಿಯೊಂದನ್ನೂ ಅದರದೇ ಲೀಗ್‌ಗೆ ಹೋಲಿಸಿ. ಆಮೇಲೆ ಪ್ಲೇಟ್ ಅಪಿಯರೆನ್ಸ್ (ವಾಕ್‌ಗಳೂ ಸೇರಿದ ಒಟ್ಟು ಬ್ಯಾಟಿಂಗ್ ಸರದಿಗಳು) ತೂಕ ಕೊಟ್ಟು ಕೂಡಿಸಿ. 400 ಸರದಿಗಳಲ್ಲಿ ಓಪಿಎಸ್ ಪ್ಲಸ್ 150, 200 ಸರದಿಗಳಲ್ಲಿ 120 ಇದ್ದರೆ ಉತ್ತರ 140, 135 ಅಲ್ಲ. ಹಲವು ಋತುಗಳನ್ನು ಸೇರಿಸುವಾಗಲೂ ಇದೇ ಕ್ರಮ.